ಅಪ್‌ಡೇಟ್ ಕೈಕೊಟ್ಟಾಗ ಐಫೋನ್‌ನ ರಿಕವರಿ ಮೋಡ್ ಕೆಲಸಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ ಕಂಪ್ಯೂಟರ್ ಮೂಲಕ ಐಒಎಸ್ (ಐಫೋನ್‌ನ ಕಾರ್ಯಾಚರಣಾ ವ್ಯವಸ್ಥೆ) ಮರುಸ್ಥಾಪಿಸುವ ಈ ದಾರಿ ಮೊದಲ ಮದ್ದಲ್ಲ. ಅಪ್‌ಡೇಟ್ ಅರ್ಧಕ್ಕೆ ನಿಂತರೆ ಜಾಗ ಸಾಲದಿರಬಹುದು, ಇಲ್ಲವೇ ಇಳಿಸಿಕೊಂಡ ಫೈಲ್ ಕೆಟ್ಟಿರಬಹುದು. ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಐಫೋನ್ ಸ್ಟೋರೇಜ್ ತೆರೆದು, ಅಲ್ಲಿರುವ ಅಪ್‌ಡೇಟ್ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿ. ಎಷ್ಟೋ ಸಲ ಇಷ್ಟೇ ಸಾಕು.

ಆಪಲ್ ಲೋಗೋದ ಕೆಳಗಿನ ಗೆರೆ ಗಂಟೆ ಕಳೆದರೂ ಕದಲದಿದ್ದರೆ ರಿಕವರಿ ಮೋಡ್‌ಗೆ ಹೋಗಬೇಕು, ಅದಕ್ಕೆ ಕಂಪ್ಯೂಟರ್ ಬೇಕು. ಐಫೋನ್ 8 ಮತ್ತು ನಂತರದವುಗಳಲ್ಲಿ ಕೇಬಲ್ ಜೋಡಿಸಿ, ವಾಲ್ಯೂಮ್ ಅಪ್ ಒತ್ತಿ ಬಿಡಿ, ವಾಲ್ಯೂಮ್ ಡೌನ್ ಒತ್ತಿ ಬಿಡಿ, ಆಮೇಲೆ ಪಕ್ಕದ ಬಟನ್ ಹಿಡಿದೇ ಇರಿ. ಲೋಗೋ ಕಂಡ ತಕ್ಷಣ ಕೈ ತೆಗೆದರೆ ಕೆಟ್ಟಿತು; ಕೇಬಲ್ ಮತ್ತು ಕಂಪ್ಯೂಟರ್‌ನ ಚಿತ್ರ ಮೂಡುವವರೆಗೂ ಬಿಡಬೇಡಿ. ನಂತರ ಕಂಪ್ಯೂಟರಿನಲ್ಲಿ ‘ಅಪ್‌ಡೇಟ್’ ಆರಿಸಿ. ಅದು ಡೇಟಾ ಮುಟ್ಟದೆ ಐಒಎಸ್ ಮರುಸ್ಥಾಪಿಸಲು ನೋಡುತ್ತದೆ. ‘ರಿಸ್ಟೋರ್’ ಎಲ್ಲವನ್ನೂ ಒರೆಸಿಹಾಕುತ್ತದೆ. ಇಂಥ ಎರಡು ಗುಂಡಿಗಳನ್ನು ಒಂದೇ ಕಿಟಕಿಯಲ್ಲಿ ಇಟ್ಟವರ ಧೈರ್ಯ ಮೆಚ್ಚಬೇಕು!

ದೊಡ್ಡ ಕೊರತೆ ಬೇರೆಯೇ ಇದೆ. ಕಂಪ್ಯೂಟರಿನಲ್ಲಿ ಐಒಎಸ್ ಡೌನ್‌ಲೋಡ್ 15 ನಿಮಿಷ ಮೀರಿದರೆ ಫೋನ್ ರಿಕವರಿಯಿಂದ ಹೊರಬೀಳುತ್ತದೆ. ಫೈಲ್ ಪೂರ್ತಿ ಇಳಿಯಲು ಬಿಟ್ಟು, ಬಟನ್ ಕಸರತ್ತನ್ನು ಮೊದಲಿನಿಂದ ಮಾಡಬೇಕು. ಎರಡು ಸ್ಲಾಟ್ (ವ್ಯವಸ್ಥೆಯ ಎರಡು ಪ್ರತಿ ಇಡುವ ಜಾಗ) ಇರುವ ಆಂಡ್ರಾಯ್ಡ್ ಫೋನ್‌ಗಳು ಹೊಸ ಆವೃತ್ತಿ ಬೂಟ್ ಆಗದಿದ್ದರೆ ತಾವಾಗಿಯೇ ಹಳೆಯದಕ್ಕೆ ಮರಳುತ್ತವೆ. ಆ ನೆಮ್ಮದಿ ಈ ವಿಧಾನದಲ್ಲಿಲ್ಲ.