ಬೈಕ್ ಸವಾರಿಗೆ ಯಾವ ಇಯರ್‌ಪ್ಲಗ್? ನಾಲ್ಕು ಬಗೆ ಹಾಕಿ ನೋಡಿದ ಮೇಲೆ

ಐದು ಗಂಟೆ ಹೆದ್ದಾರಿಯಲ್ಲಿ ಬೈಕ್ ಓಡಿಸಿ ಇಳಿದಿದ್ದೆ. ಎಂಜಿನ್ ಆಫ್ ಮಾಡಿದರೂ ಕಿವಿಯಲ್ಲಿ ಗುಂಯ್ ಅನ್ನೋ ಸದ್ದು ನಿಲ್ಲಲಿಲ್ಲ. ರಾತ್ರಿ ದಿಂಬಿಗೆ ತಲೆ ಇಟ್ಟಾಗ ಇನ್ನೂ ಜಾಸ್ತಿ ಕೇಳಿಸಿತು. ಬೆಳಗ್ಗೆ ಹೊತ್ತಿಗೆ ಹೋಯಿತು, ಆದರೆ ನನಗೆ ನಿಜಕ್ಕೂ ಭಯವಾಯಿತು. ಕಿವಿಯ ಒಳಗೆ ಸದ್ದನ್ನು ಹಿಡಿಯುವ ಕೂದಲಿನಂಥ ಕೋಶಗಳಿವೆ. ಅವು ಒಮ್ಮೆ ಸತ್ತರೆ ನಮಗೆ ಮತ್ತೆ ಹುಟ್ಟುವುದಿಲ್ಲ.

ಓಡಿಸುವಾಗ ಕಿವಿಗೆ ಬೀಳುವ ಸದ್ದು ಸೈಲೆನ್ಸರ್‌ನದು ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಅಲ್ಲ, ಗಂಟೆಗೆ 60-70 ಕಿ.ಮೀ. ದಾಟಿದ ಮೇಲೆ ಕಿವಿಗೆ ಬಡಿಯುವುದು ಹೆಚ್ಚಾಗಿ ಗಾಳಿಯೇ. ಹೆಲ್ಮೆಟ್ಟಿನ ಸುತ್ತ, ಅದರಲ್ಲೂ ಗಲ್ಲದ ಕೆಳಗೆ, ಗಾಳಿ ಸುಳಿ ಸುತ್ತುತ್ತದೆ. 100ರ ವೇಗದಲ್ಲಿ ಹೆಲ್ಮೆಟ್ ಒಳಗೇ 95ರಿಂದ 105 ಡೆಸಿಬೆಲ್‌ವರೆಗೆ ಸದ್ದು ಇರಬಹುದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದು ಅನ್ನುವುದು ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯಾಷ್ ಸಂಸ್ಥೆಯ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಆಗುತ್ತಾ ಹೋಗುತ್ತದೆ. 100 ಡೆಸಿಬೆಲ್‌ಗೆ ಬರುವ ಹೊತ್ತಿಗೆ ಉಳಿಯುವುದು 15 ನಿಮಿಷ. ನಾನು ಐದು ಗಂಟೆ ಓಡಿಸಿದ್ದೆ!

ಮೊದಲು ಹಾಕಿದ್ದು ಫೋಮ್ ಪ್ಲಗ್. ಇವತ್ತಿಗೂ ನನ್ನ ಮೊದಲ ಆಯ್ಕೆ ಇದೇ. ಆದರೆ ಶುರುವಿನಲ್ಲಿ ಎರಡು ವಾರ ಇದು ಕೆಲಸಕ್ಕೆ ಬಾರದ್ದು ಅಂತಲೇ ನಂಬಿದ್ದೆ. ಕಾರಣ, ಹಾಕುವ ರೀತಿ ಗೊತ್ತಿರಲಿಲ್ಲ. ಸುಮ್ನೆ ಕಿವಿ ಬಾಯಿಗೆ ತುರುಕಿದರೆ ಅದು ಅಲ್ಲೇ ಉಬ್ಬಿ ನಿಲ್ಲುತ್ತದೆ. ಬೆರಳ ನಡುವೆ ನಿಧಾನವಾಗಿ ಹೊಸೆದು, ಸುಕ್ಕಿಲ್ಲದ ತೆಳ್ಳನೆ ಬತ್ತಿಯ ಹಾಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಆಗ ಒಳದಾರಿ ನೇರವಾಗುತ್ತದೆ, ಬತ್ತಿ ಸಲೀಸಾಗಿ ಒಳಗೆ ಹೋಗುತ್ತದೆ. ಅರ್ಧ ನಿಮಿಷ ಬೆರಳಿಟ್ಟು ಹಿಡಿದಿದ್ದರೆ ಫೋಮ್ ಮೆಲ್ಲಗೆ ಉಬ್ಬುತ್ತಾ, ಹೊರಗಿನ ಲೋಕ ದೂರ ಸರಿಯುವುದು ಗೊತ್ತಾಗುತ್ತದೆ. ಸರಿಯಾಗಿ ಕೂತಿದೆಯಾ ಅಂತ ನೋಡಲು ಎರಡೂ ಅಂಗೈಯಿಂದ ಕಿವಿ ಮುಚ್ಚಿ ತೆಗೆಯಿರಿ. ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಕೇಳಿಸಿದರೆ ಪ್ಲಗ್ ಇನ್ನೂ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕಿ.

ಎರಡನೆಯದು ಮೂರು ಪದರದ ಸಿಲಿಕೋನ್ ಪ್ಲಗ್, ಮೇಲಿಂದ ಕೆಳಗೆ ಮೂರು ಕೊಡೆ ಜೋಡಿಸಿದ ಹಾಗೆ ಇರುತ್ತದೆ. ತೊಳೆದು ಮತ್ತೆ ಮತ್ತೆ ಬಳಸಬಹುದು, ಹಾಕುವುದೂ ಸುಲಭ. ನನಗೆ ತೊಂದರೆ ಕೊಟ್ಟಿದ್ದು ಅದರ ಕಾಂಡ. ಕಿವಿಯಿಂದ ಅಷ್ಟು ಹೊರಗೆ ಚಾಚಿಕೊಂಡಿರುವುದರಿಂದ ಹೆಲ್ಮೆಟ್ ಎಳೆದುಕೊಳ್ಳುವಾಗ ಒಳಗಿನ ಮೆತ್ತೆ ಅದಕ್ಕೆ ತಾಗುತ್ತಿತ್ತು. ಒಂದೋ ಪ್ಲಗ್ ಸಡಿಲವಾಗುತ್ತಿತ್ತು, ಇಲ್ಲ ಒಳಕ್ಕೆ ಒತ್ತಿ ನೋಯುತ್ತಿತ್ತು. ಒಂದು ಗಂಟೆಗಿಂತ ಹೆಚ್ಚು ತಡೆಯಲಿಲ್ಲ.

ಮೂರನೆಯದು ಫಿಲ್ಟರ್ ಇರುವ ಪ್ಲಗ್. ಸವಾರರಿಗೆಂದೇ ಮಾರುವುದು ಹೆಚ್ಚಾಗಿ ಇದನ್ನೇ. ನಡುವೆ ಒಂದು ಸಣ್ಣ ತೂತು, ಅದರಲ್ಲಿ ಫಿಲ್ಟರ್. ಪಕ್ಕದಲ್ಲಿ ನಿಂತವರ ಮಾತು, ಹಾರ್ನ್ ಎಲ್ಲ ಸಹಜವಾಗಿ ಕೇಳುತ್ತದೆ. ಊರೊಳಗೆ ನಿಂತು ನಿಂತು ಹೋಗುವ ಸವಾರಿಗೆ ನನಗೆ ಇದು ತುಂಬಾ ಹಿಡಿಸಿತು. ಆದರೆ ಗಾಳಿಯ ಸದ್ದು ಬಹುಪಾಲು ದಪ್ಪ ದನಿಯ ಗುಡುಗು. ತೂತಿರುವ ಪ್ಲಗ್‌ಗಳು ಆ ದಪ್ಪ ದನಿಯನ್ನೇ ಕಡಿಮೆ ತಡೆಯುತ್ತವೆ. ಹೆದ್ದಾರಿಯಲ್ಲಿ ಎರಡು ಗಂಟೆ ಆದ ಮೇಲೆ ಮತ್ತೆ ತಲೆ ಭಾರ ಅನ್ನಿಸಿತು.

ಇನ್ನು ಕಿವಿಯ ಅಚ್ಚು ತೆಗೆಸಿ ಮಾಡಿಸಿದ ಪ್ಲಗ್. ಹೆಲ್ಮೆಟ್ ಹಾಕುವಾಗ ಇದರ ಸುಖ ಗೊತ್ತಾಗುತ್ತದೆ: ಕಿವಿಯ ಮಟ್ಟಕ್ಕೆ ಸಮನಾಗಿ ಕೂರುತ್ತದೆ, ಮೆತ್ತೆಗೆ ಏನೂ ತಾಗುವುದಿಲ್ಲ. ಇಡೀ ದಿನ ಹಾಕಿದರೂ ನೋವಿಲ್ಲ. ನನ್ನ ಮೊದಲ ಜೋಡಿಯಲ್ಲಿ ಮಾತ್ರ ಎಡಗಡೆಯದು ತಲೆ ತಿರುಗಿಸಿದಾಗೆಲ್ಲ ಹೊರಗಿನ ಸದ್ದನ್ನು ಒಳಗೆ ಬಿಡುತ್ತಿತ್ತು. ದವಡೆ ಆಡಿದ ಹಾಗೆ ಕಿವಿಯ ದಾರಿಯ ಆಕಾರವೂ ಬದಲಾಗುತ್ತದೆ, ಅಚ್ಚು ತೆಗೆಯುವಾಗ ಅದನ್ನು ಗಮನಿಸಿರಲಿಲ್ಲ. ಮತ್ತೆ ಮಾಡಿಸಿದ ಮೇಲೆ ಸರಿಹೋಯಿತು. ಫೋಮ್ ಹಾಕಿದರೆ ಕಿವಿ ತುರಿಸುವವರು, ವಾರಕ್ಕೆ ಮೂರು ನಾಲ್ಕು ದಿನ ದೂರ ಓಡಿಸುವವರು ಇದನ್ನು ಮಾಡಿಸಲೇಬೇಕು ಅನ್ನುತ್ತೇನೆ.

ಪ್ಲಗ್ ಎಷ್ಟು ಸದ್ದು ತಡೆಯುತ್ತದೆ ಅಂತ ಪ್ಯಾಕೆಟ್ ಮೇಲೆ ಹಾಕಿರುವ ನಂಬರ್ ನೋಡಿ ಕೊಳ್ಳುವವರಿಗೆ ಒಂದು ಮಾತು. ಅಮೆರಿಕದ್ದು ಎನ್‌ಆರ್‌ಆರ್, ಯುರೋಪಿನದು ಎಸ್‌ಎನ್‌ಆರ್. ಎರಡರ ಲೆಕ್ಕ ಬೇರೆ ಬೇರೆ. ತ್ರೀಎಂ 1100 ಅನ್ನೋ ಒಂದೇ ಫೋಮ್ ಪ್ಲಗ್‌ಗೆ ಎನ್‌ಆರ್‌ಆರ್ 29, ಎಸ್‌ಎನ್‌ಆರ್ 37. ಹಾಗಾಗಿ ಒಂದರ ಎನ್‌ಆರ್‌ಆರ್ ಪಕ್ಕ ಇನ್ನೊಂದರ ಎಸ್‌ಎನ್‌ಆರ್ ಇಟ್ಟು ಅಳೆಯಬೇಡಿ. ಮೇಲಾಗಿ ಇವು ಲ್ಯಾಬಿನಲ್ಲಿ ಸರಿಯಾಗಿ ಹಾಕಿ ಅಳೆದವು. ಅರೆಬರೆ ಕೂತ 37ಕ್ಕಿಂತ ಚೆನ್ನಾಗಿ ಕೂತ 20 ಮೇಲು.

ಪ್ಲಗ್ ಹಾಕಿದ ಮೊದಲ ದಿನಗಳಲ್ಲಿ ಎರಡು ವಿಷಯ ವಿಚಿತ್ರ ಅನ್ನಿಸುತ್ತದೆ. ನಿಮ್ಮ ದನಿ ನಿಮಗೇ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ, ಎಂಜಲು ನುಂಗಿದರೂ ಸದ್ದು. ನಾಲ್ಕೈದು ಸವಾರಿಯಲ್ಲಿ ರೂಢಿಯಾಗುತ್ತದೆ. ಎರಡನೆಯದು ಅಪಾಯದ್ದು: ಗಾಳಿಯ ಸದ್ದು ಇಲ್ಲದಿದ್ದರೆ ನಿಧಾನ ಹೋಗುತ್ತಿದ್ದೇವೆ ಅನ್ನಿಸಿಬಿಡುತ್ತದೆ. ನನಗೆ 70 ಅನ್ನಿಸಿದಾಗ ಮುಳ್ಳು 95ರ ಮೇಲಿತ್ತು. ಮೀಟರ್ ಕಡೆ ಕಣ್ಣಿರಲಿ.

ಈಗ ನನ್ನ ಜಾಕೆಟ್ಟಿನ ಒಂದು ಜೇಬಿನಲ್ಲಿ ಡಬ್ಬಿಯೊಳಗೆ ಅಚ್ಚಿನ ಜೋಡಿ, ಇನ್ನೊಂದರಲ್ಲಿ ಬಿಚ್ಚದ ಫೋಮ್ ಜೋಡಿ ಎರಡು. ಹೊಸೆಯುವ ಮೊದಲು ಕೈ ತೊಳೆಯುತ್ತೇನೆ, ಬೆರಳಿಗೆ ಅಂಟಿದ ಚೈನ್ ಎಣ್ಣೆ ಸೀದಾ ಕಿವಿಯೊಳಗೆ ಹೋಗುತ್ತದೆ ಅಲ್ವಾ? ಗುಗ್ಗೆ ಮೆತ್ತಿದ ಫೋಮ್ ಎಸೆಯುತ್ತೇನೆ. ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ ಪ್ಲಗ್ ಮುಟ್ಟುವುದಿಲ್ಲ. ಆ ದಿನ ಬೈಕೂ ತೆಗೆಯುವುದಿಲ್ಲ.