ಸಮುದ್ರತಳದ ವಿದ್ಯುತ್ಕಾಂತೀಯ ಗ್ರಾಹಕ: ಕಿವಿ ಚುರುಕು, ತೋಳು ಸಡಿಲ

4,000 ಮೀಟರ್ ಆಳದಲ್ಲಿ 22 ದಿನ ಕೂತಿದ್ದ ಈ ಉಪಕರಣದ ಕಿತ್ತಳೆ ಬಾವುಟ ಅಲೆಗಳ ನಡುವೆ ಕಂಡಾಗ ನಿಟ್ಟುಸಿರು ಬಿಟ್ಟೆ. ಸಿಮೆಂಟಿನ ಲಂಗರನ್ನು ಕಳಚುವಂತೆ ಹಡಗಿನಿಂದ ಕಳಿಸಿದ ಶಬ್ದಸಂಕೇತಕ್ಕೆ ಅದು ಓಗೊಟ್ಟದ್ದು ಮೂರನೆಯ ಸಲ. ಅಷ್ಟರಲ್ಲಿ ನನ್ನ ಚಹಾ ಆರಿಹೋಗಿತ್ತು.

ಇದರ ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡುಗಳಿಗೆ ಪೂರ್ಣ ಅಂಕ. ಹತ್ತು ಮೀಟರ್ ಅಂತರದ ಎರಡು ತುದಿಗಳ ನಡುವೆ ಮೈಕ್ರೋವೋಲ್ಟಿಗಿಂತ ಸಣ್ಣ ವ್ಯತ್ಯಾಸವನ್ನೂ ಅವು ಹಿಡಿದವು. ನಮ್ಮ ಕೆಲಸಕ್ಕೆ ಬೇಕಾದದ್ದು ಅದೇ: ಭೂಕಾಂತಕ್ಷೇತ್ರದ ಏರಿಳಿತಗಳು ಹುಟ್ಟಿಸುವ ಈ ಸಣ್ಣ ವಿದ್ಯುತ್ತಿನಿಂದ ತಳದ ಕೆಳಗಿನ ಶಿಲೆಯ ರೋಧಕತೆಯನ್ನು, ಅಂದರೆ ಅದು ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂಬುದನ್ನು, ಅಂದಾಜು ಮಾಡುತ್ತೇವೆ. ಸಮುದ್ರದ ನೀರಿನ ರೋಧಕತೆ ಸುಮಾರು 0.3 ಓಮ್-ಮೀಟರ್, ಕೆಳಗಿನ ಗಟ್ಟಿ ಬಸಾಲ್ಟಿನದು (ಲಾವಾ ಆರಿ ಆದ ಕಲ್ಲು) ಅದರ ನೂರಾರು ಪಟ್ಟು ಇರಬಹುದು. ಬಿರುಕುಗಳಲ್ಲಿ ಉಪ್ಪುನೀರು ತುಂಬಿದ್ದರೆ, ಇನ್ನೂ ಆಳದಲ್ಲಿ ಶಿಲೆ ಅಲ್ಲಲ್ಲಿ ಕರಗಿ ಆ ದ್ರವ ಒಂದಕ್ಕೊಂದು ಕೂಡಿಕೊಂಡಿದ್ದರೆ ಆ ಸಂಖ್ಯೆ ಕುಸಿಯುತ್ತದೆ. ನಾವು ಬೆನ್ನಟ್ಟುವುದು ಆ ಕುಸಿತವನ್ನು.

ಭೂಕಾಂತಕ್ಷೇತ್ರದ ವೇಗದ ಏರಿಳಿತಗಳು ಸಿಗಲಿಲ್ಲವೆಂದು ಕೆಲವರು ಉಪಕರಣವನ್ನು ಬೈಯುತ್ತಾರೆ. ಅನ್ಯಾಯ. ಅವನ್ನು ನುಂಗುವುದು ಮೇಲಿನ ನೀರು. ನನ್ನ ದೂರು ಬೇರೆ: ಎಲೆಕ್ಟ್ರೋಡುಗಳನ್ನು ಹೊತ್ತ ಪ್ಲಾಸ್ಟಿಕ್ ತೋಳುಗಳು ತಳದ ನೀರಿನ ಪ್ರವಾಹಕ್ಕೆ ನಡುಗುತ್ತವೆ, ಆ ನಡುಕ ದತ್ತಾಂಶದಲ್ಲಿ ಗದ್ದಲವಾಗಿ ಕೂರುತ್ತದೆ. ಎರಡು ದಿನಗಳ ದಾಖಲೆಯನ್ನು ಹಾಗೆಯೇ ಬಿಸಾಡಿದೆ. ಉಪಕರಣದೊಳಗಿನ ಗಡಿಯಾರದ ತಪ್ಪನ್ನು ಸರಿಪಡಿಸುವ ವಿಧಾನಕ್ಕೆ ಕೈಪಿಡಿಯಲ್ಲಿ ಒಂದೇ ಸಾಲು, ಅದೂ ಅಡಿಟಿಪ್ಪಣಿಯಲ್ಲಿ.

ಮುಂದಿನ ಯಾನಕ್ಕೂ ಇದನ್ನೇ ಕೇಳಿದ್ದೇನೆ, ತೋಳುಗಳನ್ನು ಬಿಗಿಮಾಡಿ ಕೊಡುವ ಷರತ್ತಿನ ಮೇಲೆ.