ರಾತ್ರಿರಾಣಿಯನ್ನು ಮಲಗುವ ಕೋಣೆಗೆ ತರಬೇಡಿ

ಹೋದ ವರ್ಷ ದಸರಾ ಮುಗಿದ ವಾರ ಒಂದು ನರ್ಸರಿಯಿಂದ ರಾತ್ರಿರಾಣಿ ಗಿಡ ತಂದೆ. ಮೈಸೂರಿನಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಬಾಲ್ಕನಿ ಇಲ್ಲ, ಬಿಸಿಲು ಬೀಳುವುದು ಮಲಗುವ ಕೋಣೆಯ ಕಿಟಕಿಗೆ ಮಾತ್ರ. "ಅಲ್ಲೇ ಇಡಿ ಅಮ್ಮಾ, ಒಳ್ಳೆಯ ನಿದ್ದೆ ಬರುತ್ತದೆ" ಎಂದರು ನರ್ಸರಿಯವರು. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಗೊಂಚಲಿಗೆ ಮೂಗು ತಾಗಿಸಿದರೂ ಪರಿಮಳವೇ ಇರಲಿಲ್ಲ. ನಾನು ಏಮಾರಿದ್ದು ಅಲ್ಲಿಯೇ. ಹಗಲಿನಲ್ಲಿ ಈ ಹೂವು ತನ್ನ ಗುಣ ಬಿಟ್ಟುಕೊಡುವುದಿಲ್ಲ.

ಸಂಜೆ ಕತ್ತಲಾಗುತ್ತಿದ್ದಂತೆ ಬೆಂಕಿಕಡ್ಡಿಯಷ್ಟು ಸಪೂರದ ಹಸಿರು ಮೊಗ್ಗುಗಳ ತುದಿ ಬಿರಿದು ಪುಟ್ಟ ಪುಟ್ಟ ನಕ್ಷತ್ರಗಳಾದವು. ಒಂಬತ್ತರ ಹೊತ್ತಿಗೆ ಘಮ ಅಡುಗೆಮನೆಯವರೆಗೆ ಬಂತು. ಎಲ್ಲರಿಗೂ ಖುಷಿ. ಸೊಳ್ಳೆ ಬರುತ್ತದೆಂದು ಕಿಟಕಿ ಮುಚ್ಚಿ ಮಲಗಿದೆವು.

ನಾಲ್ಕನೆಯ ದಿನದಿಂದ ನನಗೆ ಏಳುವಾಗಲೇ ತಲೆಭಾರ, ಹೊಟ್ಟೆ ತೊಳಸಿದ ಹಾಗೆ. ಏಳು ವರ್ಷದ ಮಗಳಿಗೆ ನಡುರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ಯೆನ್ನುವ ಸದ್ದು. ಅವಳಿಗೆ ಉಬ್ಬಸದ ತೊಂದರೆ ಮೊದಲೇ ಇತ್ತು. ಹಾಗಾಗಿ ಹೊದಿಕೆಗಳನ್ನು ಒಗೆದೆ, ಸೊಳ್ಳೆ ಬತ್ತಿ ನಿಲ್ಲಿಸಿದೆ, ಫ್ಯಾನಿನ ದೂಳು ಒರೆಸಿದೆ, ಮೊಸರು ಕೊಡುವುದನ್ನೂ ಬಿಟ್ಟೆ. ತಲೆದಿಂಬಿನಿಂದ ಮೂರಡಿ ದೂರದಲ್ಲಿದ್ದ ಕುಂಡದ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅದಕ್ಕೆ ದಿನವೂ ನಾನೇ ನೀರು ಹಾಕುತ್ತಿದ್ದೆ.

ದೀಪಾವಳಿಗೆ ತೀರ್ಥಹಳ್ಳಿಯ ಅಜ್ಜಿಮನೆಗೆ ಹೋಗಿ ಐದು ದಿನ ಇದ್ದೆವು. ಅಲ್ಲಿ ಮಗಳು ಒಂದು ರಾತ್ರಿಯೂ ಕೆಮ್ಮಲಿಲ್ಲ. ಹಿಂತಿರುಗಿದ ರಾತ್ರಿ ಹನ್ನೊಂದೂವರೆಗೆ ಎದ್ದು ಕುಳಿತು, "ಅಮ್ಮಾ, ಹೂವಿನ ವಾಸನೆ ಗಂಟಲಲ್ಲಿ ಕೂತಿದೆ" ಎಂದಳು. ಮುಂದಿನ ಮಾತು ಹೊರಡಲಿಲ್ಲ. ಪ್ರತಿ ಉಸಿರಿಗೂ ಕತ್ತಿನ ಕುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದ ಮೇಲೆ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಆ ಕೋಣೆಗೆ ಇತ್ತೀಚೆಗೆ ಹೊಸದಾಗಿ ಏನು ಬಂದಿದೆ?"

ಮನೆಗೆ ಬಂದವಳೇ ನಡುರಾತ್ರಿಯಲ್ಲಿ ಕುಂಡವನ್ನು ಮೆಟ್ಟಿಲ ಬಳಿಗೆ ಎಳೆದು ಹಾಕಿ ಕಿಟಕಿಗಳನ್ನೆಲ್ಲ ತೆರೆದೆ. ವಾರದಲ್ಲಿ ಅವಳ ರಾತ್ರಿಗಳು ಮೊದಲಿನಂತಾದವು. ನನ್ನ ತಲೆಭಾರವೂ ಹೋಯಿತು. ಉಬ್ಬಸವನ್ನು ಈ ಗಿಡವೇ ತಂದಿತೆಂದು ನಾನು ಹೇಳುವುದಿಲ್ಲ. ಇದ್ದದ್ದನ್ನು ಕೆರಳಿಸಿತು.

ಗಿಡಗಳು ರಾತ್ರಿ ಆಮ್ಲಜನಕ ಕುಡಿದುಬಿಡುತ್ತವೆ ಎಂದು ಹೆದರಿಸುವವರಿದ್ದಾರೆ. ಅದು ನಿಜವಾದ ಕಾರಣವಲ್ಲ. ಒಂದು ಕುಂಡದ ಗಿಡ ರಾತ್ರಿ ಬಳಸುವ ಆಮ್ಲಜನಕ ಪಕ್ಕದಲ್ಲಿ ಮಲಗಿದ ಮನುಷ್ಯ ಬಳಸುವುದಕ್ಕಿಂತ ತೀರಾ ಕಡಿಮೆ. ತೊಂದರೆ ಇರುವುದು ಪರಿಮಳದಲ್ಲಿ. ವೆಸ್ಟ್ ಇಂಡೀಸ್ ಮತ್ತು ಮಧ್ಯ ಅಮೆರಿಕದ ಕಡೆಯಿಂದ ಬಂದ ಈ ಗಿಡ ಕತ್ತಲಲ್ಲಿ ದೂರದ ಪತಂಗಗಳನ್ನು ಕರೆಯಲು ಘಮ ಸೂಸುತ್ತದೆ. ಬಯಲಿನಲ್ಲಿ ಹರಡಬೇಕಾದದ್ದನ್ನು ನಾನು ಹತ್ತು ಅಡಿ ಅಗಲದ ಕೋಣೆಯಲ್ಲಿ ಕೂಡಿಹಾಕಿದ್ದೆ. ಉಬ್ಬಸ, ಅರೆತಲೆನೋವು ಇರುವವರಿಗೆ ಅದು ತಡೆಯುವಂಥದ್ದಲ್ಲ.

ಸುಗಂಧರಾಜದ ವಿಷಯದಲ್ಲೂ ಇದೇ ಎಚ್ಚರ ಬೇಕು. ಕಡ್ಡಿ ಕತ್ತರಿಸಿ ತಂದ ಮೇಲೂ ಅದು ಪರಿಮಳ ಸೂಸುತ್ತಲೇ ಇರುತ್ತದೆ, ರಾತ್ರಿ ಇನ್ನೂ ಹೆಚ್ಚು. ಹೂದಾನಿಯನ್ನು ಹಜಾರದಲ್ಲಿಡಿ. ಸಂಪಿಗೆ, ಕೇದಗೆಯನ್ನೂ ದಿಂಬಿನ ಪಕ್ಕ ಇಟ್ಟುಕೊಳ್ಳಬೇಡಿ. ಗಂಟೆಯಂತೆ ಜೋತುಬೀಳುವ, ಉಮ್ಮತ್ತಿಯ ಹತ್ತಿರದ ಬಂಧುವಾದ ಏಂಜಲ್ಸ್ ಟ್ರಂಪೆಟ್ ಅನ್ನು ಮಕ್ಕಳಿರುವ ಮನೆಯೊಳಗೇ ತರಬೇಡಿ. ಅದರ ಎಲೆ, ಹೂವು, ಬೀಜ ಎಲ್ಲವೂ ವಿಷ. ನರ್ಸರಿಯಲ್ಲಿ ಗಿಡದ ಬೆಲೆ ಕೇಳುವ ಮೊದಲು, ಅದು ಯಾವ ಹೊತ್ತಿನಲ್ಲಿ ಘಮಿಸುತ್ತದೆ ಎಂದು ಕೇಳಿ. ಸಾಧ್ಯವಾದರೆ ಒಂದು ರಾತ್ರಿ ಹೊರಗಿಟ್ಟು ನೋಡಿ.

ನಮ್ಮ ರಾತ್ರಿರಾಣಿ ಈಗ ತಾರಸಿಯ ಮೂಲೆಯಲ್ಲಿದೆ. ಹೂವು ಉದುರಿದ ಮೇಲೆ ಮುತ್ತಿನಂಥ ಬಿಳಿ ಕಾಯಿಗಳು ಬಿಡುತ್ತವೆ. ಅವೂ ವಿಷವೇ. ಮಗಳು ಶಾಲೆಯಿಂದ ಬರುವ ಮೊದಲೇ ತಾರಸಿಗೆ ಹೋಗಿ ಒಂದೂ ಬಿಡದಂತೆ ಕಿತ್ತು ಹಾಕುತ್ತೇನೆ.